ತಿರುವಿನಲ್ಲಿ ಡಬಲ್ ತೆಗೆಯುವ ಆರ್ಸೆಸಿಯೊ

ಸಂತೆಯಲ್ಲಿ ಬಾಳೆಗೊನೆ ನೋಡುವ ಹಾಗೆ ನೋಡಿದರೆ ಆರ್ಸೆಸಿಯೊನನ್ನು ಯಾರೂ ಮೊದಲ ದರ್ಜೆಗೆ ಹಾಕುವುದಿಲ್ಲ. ಅರವತ್ತೆರಡು ದಾಟಿದ ಒಣ ಮೈ, ಮುಂದೆ ಎರಡು ಹಲ್ಲಿಲ್ಲ, ಮಾತು ಒರಟು, ನಗು ಅಪರೂಪ. ಸಿಪ್ಪೆ ನೋಡಿ ಕೊಳ್ಳುವವರು ಕೈಬಿಟ್ಟು ಮುಂದೆ ಹೋಗುತ್ತಾರೆ. ಆದರೆ ಅವನ ಕೈ ನೋಡಬೇಕು. ಐವತ್ನಾಲ್ಕರ ಮಾಡೆಲ್ ಜೀಪಿನ ಸ್ಟಿಯರಿಂಗ್ ಮೇಲೆ ಅದು ಮೊಟ್ಟೆ ಹಿಡಿದಷ್ಟು ಹಗುರ. ಮೂವತ್ತೆಂಟು ವರ್ಷದಿಂದ ಅವನು ಕಿಂದಿಯೊ ಬೆಟ್ಟದ ಎಲ್ ರೋಬ್ಲೆ ಹಳ್ಳಿಯಿಂದ ಪೇಟೆಯ ಚೌಕಕ್ಕೆ ಕಾಫಿ ಮೂಟೆ, ಬಾಳೆಗೊನೆ, ಹಂದಿ, ದಿನ ತುಂಬಿದ ಬಸುರಿಯರು, ಒಮ್ಮೆ ಒಂದು ಶವಪೆಟ್ಟಿಗೆ, ಎಲ್ಲವನ್ನೂ ಇಳಿಸಿದ್ದಾನೆ. ಇಷ್ಟಾದರೂ ಊರು ಅವನ ತಲೆ ತಿನ್ನುತ್ತಿದ್ದುದು ಒಂದು ಸಣ್ಣ ಲಿವರಿನ ವಿಷಯಕ್ಕೆ.

ಸಾಮಾನ್ಯವಾಗಿ ಹಿಂದಿನ ಚಕ್ರಕ್ಕಷ್ಟೇ ಸಿಗುವ ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಕೊಡುವ ಲಿವರು ಅದು. ಇಲ್ಲಿನವರು ಅದನ್ನು ‘ದೋಬ್ಲೆ’ ಅನ್ನುತ್ತಾರೆ, ಅಂದರೆ ಡಬಲ್. ಕೆಟ್ಟಿದ್ದೇ ಆ ಹೆಸರಿನಿಂದ. ಡಬಲ್ ಎಂದ ಮೇಲೆ ಹಿಡಿತವೂ ಡಬಲ್, ದೇವರ ದಯೆಯೂ ಡಬಲ್ ಎಂದು ಊರಿನ ನಂಬಿಕೆ. ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಜೀಪಿನ ಹಿಂದೆ ಜೋತುಬಿದ್ದವರೆಲ್ಲ ಡಬಲ್ ಹಾಕಿ ಎಂದು ಪಾಠ ಶುರುಮಾಡುತ್ತಾರೆ. ಆ ಪಾಠದಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು ಕೋಳಿ ಮಾರುವ ದೋನ್ಯಾ ರುಬಿಯೇಲಾಳದು. ಆಕೆ ಜೀವಮಾನದಲ್ಲಿ ಸೈಕಲ್ಲೂ ತುಳಿದವಳಲ್ಲ.

ಮೊದಲೆಲ್ಲ ಇದರಿಂದ ನಷ್ಟವಿರಲಿಲ್ಲ. ರಸ್ತೆ ಪೂರಾ ಕೆಸರಾಗಿದ್ದಾಗ ಚಕ್ರಗಳು ಅಷ್ಟಿಷ್ಟು ಜಾರಿ ತಮ್ಮ ಜಗಳ ತಾವೇ ಬಗೆಹರಿಸಿಕೊಳ್ಳುತ್ತಿದ್ದವು. ಹೋದ ವರ್ಷ, ‘ಮೂಗು’ ಎಂದು ಕರೆಯುವ ಕಡಿದಾದ ತಿರುವಿಗೆ ಕಾಂಕ್ರೀಟ್ ಬಿತ್ತು. ಊರು ದೊಡ್ಡ ಹಂಡೆಯಲ್ಲಿ ಕೋಳಿಸಾರು ಕಾಯಿಸಿ ಉಂಡಿತು. ಮಳೆ ಶುರುವಾದಾಗ ಮೇಲಿನ ಗುಡ್ಡದ ಜೇಡಿ ಹರಿದು ಬಂದು ಆ ಕಾಂಕ್ರೀಟಿನ ಮೇಲೆ ಬೆಣ್ಣೆ ಸವರಿದಂತೆ ಕೂತಿತು. ಎರಡು ತಿಂಗಳಲ್ಲಿ ಮೂರು ಜೀಪುಗಳು, ಸ್ಟಿಯರಿಂಗ್ ಪೂರ್ತಿ ತಿರುಗಿಸಿದ್ದರೂ ತಾವು ತಿರುಗದೆ, ನೆಟ್ಟಗೆ ಹೋಗಿ ಬಾಳೆತೋಟಕ್ಕೆ ಇಳಿದವು. ಮೂರರಲ್ಲೂ ಡಬಲ್ ಹಾಕಿತ್ತು. ಊರು ಟೈರನ್ನು ಬೈಯಿತು, ಕಾಂಕ್ರೀಟನ್ನು ಬೈಯಿತು, ಯಾರದೋ ಕಣ್ಣು ಬಿದ್ದಿದೆ ಎಂದಿತು. ಡಬಲನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ.

ಆರ್ಸೆಸಿಯೊ ಚೌಕದ ಕಾಫಿ ಅಂಗಡಿಯಲ್ಲಿ ಕೂತು ವಿವರಿಸಿ ವಿವರಿಸಿ ಸೋತ. ಕಡೆಗೆ ಒಂದು ದಿನ ಜೀಪು ಚಾಲಕರ ಸಂಘದ ಅಧ್ಯಕ್ಷ ದೋನ್ ಲಿಬಾರ್ದೊನ ಮುಂದೆಯೇ ಕಪ್ಪು ಕೆಳಗಿಟ್ಟ.

“ಶುಭ ಶುಕ್ರವಾರ ಮಾತೆಯ ಪಲ್ಲಕ್ಕಿ ಹೊರ್ತೀರಲ್ಲ, ಮೂಲೆ ತಿರುಗುವಾಗ ಏನಾಗುತ್ತೆ? ಮುಂದಿನವರು ದೊಡ್ಡ ಸುತ್ತು ನಡೀಬೇಕು, ಹಿಂದಿನವರಿಗೆ ಸಣ್ಣ ಸುತ್ತು. ಇಬ್ಬರ ಕಾಲನ್ನೂ ಒಟ್ಟಿಗೆ ಕಟ್ಟಿ, ಒಂದೇ ಅಳತೆ ಹೆಜ್ಜೆ ಹಾಕಿ ಅಂದ್ರೆ? ಒಣ ಕಲ್ಲಾದ್ರೆ ಮಂಡಿ ಹಿಡ್ಕೊಳ್ಳುತ್ತೆ. ಒದ್ದೆ ಕಲ್ಲಾದ್ರೆ ಮುಂದಿನವರ ಕಾಲು ಜಾರಿ, ಮಾತೆ ಸೀದಾ ಔಷಧಿ ಅಂಗಡಿ ಗೋಡೆಗೆ ಹೋಗ್ತಾಳೆ. ಡಬಲ್ ಮಾಡೋದೂ ಅದನ್ನೇ. ನೇರ ಏರಿಗೆ ಹಾಕ್ಕೊಳ್ಳಿ, ನಾನೂ ಹಾಕ್ತೀನಿ. ತಿರುವಿಗೆ ಮುಂಚೆ ತೆಗೀರಿ.”

ಲಿಬಾರ್ದೊ ಮೀಸೆಯ ಕಾಫಿ ಒರೆಸಿಕೊಂಡ. “ದೋನ್ ಆರ್ಸೆಸಿಯೊ, ನಮ್ಮ ಜೀಪಿಗೆ ಇರೋದು ಚಕ್ರ, ಕಾಲಲ್ಲ. ಪಾಪ, ಮಾತೆಯನ್ನ ಗ್ಯಾರೇಜಿಗೆ ಯಾಕೆ ಎಳೀತೀರಿ?”

ಅಂಗಡಿ ನಕ್ಕಿತು. ಅದೇ ವಾರ ಸಂಘ ನಿಯಮ ಮಾಡಿತು: ಮಳೆ ಬಂದರೆ ಮೂಗು ದಾಟುವ ತನಕ ಎಲ್ಲರೂ ಡಬಲ್ ಹಾಕಿರಬೇಕು. ತಪ್ಪಿದವರ ಜೀಪು ಹೊರೆ ತುಂಬುವ ಸಾಲಿನ ಕೊನೆಗೆ. ಸಾಲಿನ ಮೊದಲ ಸರದಿಯೆಂದರೆ ಬೆಳಗಿನ ತುಂಬು ಹೊರೆ, ಮಧ್ಯಾಹ್ನ ಮನೆಯ ಊಟ. ಆರ್ಸೆಸಿಯೊ ಆ ಜಾಗಕ್ಕೆ ಏರಲು ಹತ್ತೊಂಬತ್ತು ವರ್ಷ ಹಿಡಿದಿತ್ತು. ಅದನ್ನು ಕಳೆದುಕೊಳ್ಳುವ ಧೈರ್ಯ ಅವನಿಗೂ ಇರಲಿಲ್ಲ. ಹಲ್ಲು ಕಚ್ಚಿ ಡಬಲ್ ಹಾಕಿಕೊಂಡೇ, ಆಮೆಯ ವೇಗದಲ್ಲಿ, ಮಧ್ಯೆ ಮಧ್ಯೆ ಲಿಬಾರ್ದೊನ ವಂಶವನ್ನೆಲ್ಲ ನೆನೆಯುತ್ತ ಮೂಗು ಇಳಿಯತೊಡಗಿದ.

ಅಕ್ಟೋಬರಿನ ಒಂದು ಬೆಳಿಗ್ಗೆ ಅದೂ ಸಾಧ್ಯವಾಗಲಿಲ್ಲ. ರಾತ್ರಿಯಿಡೀ ಸುರಿದ ಮಳೆ ಇನ್ನೂ ನಿಂತಿರಲಿಲ್ಲ. ಜೀಪಿನಲ್ಲಿ ನಲವತ್ತು ಬಾಳೆಗೊನೆ, ಹಿಂದೆ ಏಳು ಜನ, ಮುಂದಿನ ಸೀಟಿನಲ್ಲಿ ಗೊನೆಗಳ ಮಾಲೀಕ, ವ್ಯಾಪಾರಿ ಗಿಲ್ದಾರ್ದೊ. ಇಂಥ ಹೊರೆಯೊಂದಿಗೆ ಆಮೆಯ ವೇಗವೂ ಹೆಚ್ಚೇ ಎಂದು ಆರ್ಸೆಸಿಯೊಗೆ ಕಂಡಿತು. ಮೂಗಿನ ಮೇಲೆ ಹೊಳೆಯುತ್ತಿದ್ದ ಜೇಡಿ ನೋಡಿದ, ಲಿವರು ಹಿಂದಕ್ಕೆಳೆದು ಡಬಲ್ ತೆಗೆದ. ಜೀಪು ಹೇಳಿದ ಮಾತು ಕೇಳುತ್ತ ಮೆಲ್ಲಗೆ ತಿರುಗತೊಡಗಿತು.

ಹಿಂದಿನಿಂದ ರುಬಿಯೇಲಾ ನೋಡಿಬಿಟ್ಟಳು. ಡಬಲ್ ತೆಗೆದರು, ಸಾಯಿಸುತ್ತಾರೆ ಎಂದು ಕೂಗಿದಳು. ಗಿಲ್ದಾರ್ದೊ ಹೆದರಿದ. ತನಗಾಗಿ ಎಷ್ಟು, ಗೊನೆಗಳಿಗಾಗಿ ಎಷ್ಟು ಎಂದು ಅವನಿಗೂ ಗೊತ್ತಿಲ್ಲ. ಬಾಗಿ ಲಿವರನ್ನು ಮುಂದಕ್ಕೆ ನೂಕಿದ.

ಜೀಪಿನ ಕಿವಿ ಅಲ್ಲಿಗೆ ಮುಚ್ಚಿತು. ಮುಂದಿನ ಚಕ್ರ ಎಡಕ್ಕೆ ತಿರುಗಿಯೇ ಇತ್ತು, ಜೀಪು ಮಾತ್ರ ನೆಟ್ಟಗೆ ಅಂಚಿನ ಕಡೆ ಹೊರಟಿತು. ಆರ್ಸೆಸಿಯೊ ಬ್ರೇಕಿನ ತಂಟೆಗೆ ಹೋಗಲಿಲ್ಲ. ಕ್ಲಚ್ ತುಳಿದ, ವ್ಯಾಪಾರಿಯ ಕೈಯನ್ನು ಮೊಣಕೈಯಿಂದ ಬಡಿದು ಸರಿಸಿದ, ಲಿವರು ಎಳೆದ, ಸ್ಟಿಯರಿಂಗನ್ನು ಸ್ವಲ್ಪ ನೇರ ಮಾಡಿ ಒಂದು ಉಸಿರಿನಷ್ಟು ಕಾದ. ಚಕ್ರ ನೆಲ ಕಚ್ಚಿತು. ಮತ್ತೆ ತಿರುಗಿಸಿದ. ಬಂಪರು ಬಾಳೆಯೆಲೆ ಸವರಿಕೊಂಡು ರಸ್ತೆಗೆ ಮರಳಿತು.

“ನನ್ನ ಲಿವರಿಗೆ ಕೈ ಹಾಕ್ಬೇಡಿ, ದೋನ್ ಗಿಲ್ದಾರ್ದೊ,” ಎಂದ, ರಸ್ತೆಯಿಂದ ಕಣ್ಣು ತೆಗೆಯದೆ. “ಹೆದರಿಕೆಯಾದ್ರೆ ನಿಮ್ಮ ಟೋಪಿ ಹಿಡ್ಕೊಳ್ಳಿ.”

ಸಂಜೆ ಸಂಘ ಸೇರಿತು. ಹಿಂದಿದ್ದ ಏಳೂ ಜನ ಒಂದೇ ಮಾತು ಹೇಳಿದರು: ಆರ್ಸೆಸಿಯೊ ಡಬಲ್ ತೆಗೆದ, ಜೀಪು ಜಾರಿತು. ಅವರು ಸುಳ್ಳು ಹೇಳಲಿಲ್ಲ. ಲಿವರನ್ನು ಮುಂದಕ್ಕೆ ನೂಕಿದ್ದು ಅವರಿಗೆ ಕಂಡಿರಲೇ ಇಲ್ಲ. ಅಷ್ಟರಲ್ಲಿ ಬಾಗಿದ ವ್ಯಾಪಾರಿಯ ದಪ್ಪ ಭುಜ ಅಡ್ಡವಿತ್ತು. ಆರ್ಸೆಸಿಯೊ ವಾದ ಮಾಡಲಿಲ್ಲ. ಪಕ್ಕದಲ್ಲೇ ಕೂತಿದ್ದವರನ್ನು ಕೇಳಿ ಎಂದಷ್ಟೇ ಹೇಳಿದ.

ಲಿಬಾರ್ದೊ ಕೇಳಿದ. ಗಿಲ್ದಾರ್ದೊ ಟೋಪಿಯ ಅಂಚನ್ನು ಎರಡು ಸಲ ಸುತ್ತು ತಿರುಗಿಸಿದ. ಊರಿನ ಎಲ್ಲ ಜೀಪುಗಳೂ ಅವನ ಗೊನೆ ಹೊರುತ್ತವೆ, ಒಪ್ಪಿಕೊಂಡರೆ ಎಲ್ಲ ಬಾಯಿಗಳೂ ವರ್ಷಗಟ್ಟಲೆ ಅದೊಂದೇ ತಮಾಷೆಯನ್ನು ಜಗಿಯುತ್ತವೆ.

“ಮಳೆ ಜೋರಿತ್ತು,” ಎಂದ. “ನನಗೆ ಸರಿಯಾಗಿ ಕಾಣಲಿಲ್ಲ.”

ಈಗ ಆರ್ಸೆಸಿಯೊ ಸಾಲಿನ ಕೊನೆಯಲ್ಲಿದ್ದಾನೆ. ಹನ್ನೊಂದರ ಹೊತ್ತಿಗೆ ಉಳಿದುಬಳಿದದ್ದನ್ನು ತುಂಬಿಕೊಂಡು ಹೊರಡುತ್ತಾನೆ. ಕಳೆದುಕೊಳ್ಳಲು ಏನೂ ಇಲ್ಲದ್ದರಿಂದ ಮೂಗಿನಲ್ಲಿ ರಾಜಾರೋಷವಾಗಿ ಡಬಲ್ ತೆಗೆಯುತ್ತಾನೆ. ಹೋದ ಮಂಗಳವಾರ ನಾಲ್ಕನೆಯ ಜೀಪು ಬಾಳೆತೋಟಕ್ಕೆ ಇಳಿಯಿತು. ಈ ಸಲವೂ ಟೈರಿನದೇ ತಪ್ಪಂತೆ.

ಆ ಗಿಲ್ದಾರ್ದೊ ನಾನೇ. ಲಿವರು ನೂಕಿದ್ದು ನಾನು ಎಂದು ಸಂಘದ ಮುಂದೆ ಎದ್ದು ನಿಂತು ಹೇಳುವುದನ್ನು ನಾನು ಆರ್ಸೆಸಿಯೊಗೆ ಬಾಕಿ ಉಳಿಸಿಕೊಂಡಿದ್ದೇನೆ.