ಅಂಚು ಕತ್ತರಿಸಿದ ಕೈ

ಸಕಲೇಶಪುರದ ಮೊದಲ ಬಸ್ಸು ಇನ್ನೂ ಆಲೂರಿಗೆ ಬಂದಿಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯ ಬೈಂಡಿಂಗ್ ಅಂಗಡಿಯಲ್ಲಿ ಅರ್ಧ ಬಾಗಿಲು ತೆರೆದು, ಅರವತ್ತೆರಡರ ದಾಸಯ್ಯ ದೀಪದ ಕೆಳಗೆ ಬಗ್ಗಿ ಕೂತಿದ್ದಾರೆ. ಕೈಯಲ್ಲಿ ಬೆರಳಗಲದ ಕಾಗದದ ಚೂರು, ಅದರ ಮೇಲೆ ನೀಲಿ ಶಾಯಿಯ ಎರಡೇ ಅಕ್ಷರ. ಒಂದು ಹಾಳೆಯ ಅಂಚಿಗೆ ಹಿಡಿಯುತ್ತಾರೆ, ಹೊಂದುವುದಿಲ್ಲ. ಇನ್ನೊಂದಕ್ಕೆ ಹಿಡಿಯುತ್ತಾರೆ. "ಮುಂದೆ ಹೊಂದಿದ್ರೆ ಸಾಲ್ದು ಕಣ್ರೀ, ಹಾಳೆ ತಿರುಗ್ಸಿದ್ರೆ ಹಿಂದ್ಗಡೆನೂ ಹೊಂದ್ಬೇಕು," ಎನ್ನುತ್ತಾರೆ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ದಾಸಯ್ಯನವರಿಗೆ ಈ ಕಸುಬಿನಲ್ಲಿ ನಲವತ್ತು ವರ್ಷ. ಕಚೇರಿಯ ರಿಜಿಸ್ಟರು, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗಳ ಹಾಜರಿ ಪುಸ್ತಕ, ಎಲ್ಲ ಸೇರಿ ದಿನಕ್ಕೆ ಹನ್ನೆರಡು ಹೊಲಿಯುತ್ತಾರೆ. ಹೊಲಿದ ಮೇಲೆ ಮೂರು ಕಡೆ ಅಂಚು ಕತ್ತರಿಸಬೇಕು. ಅಂಚು ಹಲ್ಲುಹಲ್ಲಾಗಿ ಉಳಿದರೆ ಬೈಂಡರಿಗೆ ಅವಮಾನ.

ಆ ಅಭ್ಯಾಸವೇ ಮುಳುವಾಯಿತು. ೧೯೯೭ರಲ್ಲಿ ಆನೇಮಹಲ್‌ನ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಚನ್ನಬಸವಯ್ಯ ಮುನ್ನೂರ ಎಂಬತ್ತಾರು ಹಾಳೆ ತಂದುಕೊಟ್ಟರು. ಹಳೆಯ ಇಂಗ್ಲೆಂಡಿನ ರಾಜರ, ಮಾತಿಗಾಗಿ ಪ್ರಾಣ ಕೊಡುವ ಕುದುರೆ ಸವಾರರ ಐತಿಹ್ಯಗಳು. ಮಧ್ಯಯುಗದ ಆ ಇಂಗ್ಲಿಷನ್ನು ಹತ್ತೊಂಬತ್ತು ವರ್ಷ ಕೂತು ಕನ್ನಡಕ್ಕೆ ತಂದಿದ್ದರು. ಇದ್ದದ್ದು ಅದೊಂದೇ ಪ್ರತಿ. ಕಾಗದದ ವಿಷಯದಲ್ಲಿ ಮೇಷ್ಟ್ರು ಮಹಾ ಜಿಪುಣರು. ಹಾಳೆಯ ಎರಡೂ ಬದಿ, ಈ ತುದಿಯಿಂದ ಆ ತುದಿಯವರೆಗೆ, ಮಾರ್ಜಿನ್ನೇ ಬಿಡದೆ ಬರೆದಿದ್ದರು.

ದಾಸಯ್ಯ ಅಚ್ಚುಕಟ್ಟಾಗಿ ಹೊಲಿದರು, ಎಂದಿನಂತೆ ಅರ್ಧ ಇಂಚು ಕತ್ತರಿಸಿದರು. ಪ್ರತಿ ಸಾಲಿನ ಎರಡು ಮೂರು ಅಕ್ಷರ ಕಸದ ಚೀಲಗಳಿಗೆ ಹೋದವು.

ಮೇಷ್ಟ್ರು ಬಂದರು. ಪುಸ್ತಕ ತೆರೆದರು, ಮುಚ್ಚಿದರು. "ಬೈಲಿಲ್ಲ. 'ಹೊಲಿಗೆ ಚೆನ್ನಾಗೈತೆ ದಾಸಯ್ಯ' ಅಂದ್ಬುಟ್ಟು ಪುಸ್ತಕ ತಗೊಂಡು ಬಸ್ ಹತ್ತಿದ್ರು. ಕಪಾಳಕ್ಕೆ ಬಾರಿಸಿದ್ರೆ ಮರೀತಿದ್ನೇನೋ." ಕತ್ತರಿಸುವ ಮಿಷನ್ನಿನ ಬುಡದ ಚೂರುಗಳಲ್ಲಿ ಅಕ್ಷರ ಕಂಡು, ಏನಾಗಿದೆಯೆಂದು ತಿಳಿದು ದಾಸಯ್ಯ ಚೀಲ ಹುಡುಕುವಷ್ಟರಲ್ಲಿ ಒಂದು ಚೀಲ ಹೋಟೆಲಿನ ಒಲೆ ಸೇರಿತ್ತು. ಇನ್ನೊಂದು ಉಳಿದಿತ್ತು.

ನಿಜವಾದ ತಪ್ಪು ಅದಲ್ಲ, ಅದರ ನಂತರದ್ದು ಎನ್ನುತ್ತಾರೆ ಅವರು. ಮೇಷ್ಟ್ರು ಇನ್ನೂ ಎಂಟು ತಿಂಗಳು ಬದುಕಿದ್ದರು. ಕೇಳಿದ್ದರೆ ಹೋದ ಅಕ್ಷರಗಳನ್ನು ನೆನಪಿನಿಂದಲೇ ತುಂಬಿಕೊಡುತ್ತಿದ್ದರು. "ಮುಖ ತೋರ್ಸಕ್ಕೆ ನಾಚ್ಕೆ. ಬಸ್‌ಸ್ಟ್ಯಾಂಡಲ್ಲಿ ಅವ್ರು ಕಂಡ್ರೆ ಈ ಕಡೆ ಬೀದಿಗೆ ನುಗ್ತಿದ್ದೆ. ಒಂದಿನ ಹೋಗ್ಬುಟ್ರು ಅಂತ ಸುದ್ದಿ ಬಂತು." ಅಂಟಿನ ಬಟ್ಟಲನ್ನು ಸುಮ್ಮನೆ ಕಲಕುತ್ತಾರೆ.

ತಿಥಿ ಕಳೆದ ಮೇಲೆ ಮೇಷ್ಟ್ರ ಹೆಂಡತಿ ಸುಲೋಚನಮ್ಮನವರ ಮುಂದೆ ನಿಂತು ಪುಸ್ತಕ ವಾಪಸ್ ಕೇಳಿದರು, ಹೊಲಿಗೆ ಬಿಚ್ಚಿದರು. ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದವರ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ೨೦೦೪, ಆರು ವರ್ಷದಿಂದ ದಿನವೂ ಬೆಳಿಗ್ಗೆ ಒಂದು ಗಂಟೆ ಹೊತ್ತು ಈ ಚೂರು ಜೋಡಿಸುವುದಕ್ಕೇ ಮೀಸಲು. ಚೀಲದಲ್ಲಿ ತುಳಿದು ತುಂಬಿದ್ದರಿಂದ ಒಂದೊಂದು ಕಾಗದದ ಪಟ್ಟಿಯೂ ನಾಲ್ಕೈದು ತುಂಡಾಗಿದೆ. ವಾರಕ್ಕೆ ಒಂದು ಹಾಳೆ ಪೂರ್ತಿಯಾದರೆ ಹಬ್ಬ. ಮಳೆಗಾಲದಲ್ಲಿ ಅಂಟು ಒಣಗದೆ ಅದೂ ಇಲ್ಲ. ಈವರೆಗೆ ಕೂಡಿದ್ದು ನೂರ ತೊಂಬತ್ತು. ಹೀಗೇ ಕಥೆಯೂ ಬಾಯಿಪಾಠವಾಗಿದೆ. "ಮಾತಿಗೆ ತಪ್ಪಿದ ಒಬ್ಬ ಸವಾರ ರಾಜನ ಹತ್ರ ತಪ್ಪೊಪ್ಕೊಳಕ್ಕೆ ಹೊರಡ್ತಾನೆ. ಹೊಳೆ ದಾಟ್ತಾನೆ. ಆಮೇಲಿನ ಹಾಳೆಗಳ ಅಂಚು ಒಲೆಗೆ ಹೋಗೈತೆ, ರಾಜ ಏನಂದ ಅಂತ ಸಾಲು ಕೂಡ್ತಿಲ್ಲ."

ಈಗ ಯಾರೇ ಪುಸ್ತಕ ತಂದರೂ ಒಂದೊಂದೇ ಹಾಳೆ ತಿರುವಿ ಅಂಚು ನೋಡಿದ ಮೇಲೆಯೇ ಮಿಷನ್ನಿಗೆ ಇಡುತ್ತಾರೆ. ಗಿರಾಕಿಗಳು ನಗುತ್ತಾರೆ, ನಗಲಿ.

ಸುಟ್ಟುಹೋದ ಕಡೆ ಅಂದಾಜಿನಿಂದ ಬರೆಯಬಹುದಲ್ಲ ಎಂದರೆ, "ಸುಲೋಚನಮ್ಮಾವ್ರೂ ಅದೇ ಅಂದ್ರು. ಮೇಷ್ಟ್ರ ಅಕ್ಷರ ಕಳ್ದಿದ್ದೂ ಅಲ್ದೆ ನನ್ನ ಅಕ್ಷರ ಸೇರಿಸ್ಲಾ? ಖಾಲಿ ಜಾಗ ಖಾಲಿನೇ ಇರ್ಲಿ." ಸುಲೋಚನಮ್ಮನವರ ಕಣ್ಣು ಮಂಜಾಗುವ ಮೊದಲು ಪುಸ್ತಕ ಅವರ ಕೈ ಸೇರಬೇಕು, ಆಸೆ ಅಷ್ಟೇ.

ಬೆಳಕಾಗುತ್ತದೆ. ಬಸ್ಸು ಬಂದು ನಿಲ್ಲುತ್ತದೆ. ದಾಸಯ್ಯ ಅಂಟಿಸಿದ ಹಾಳೆಯ ಒರಟು ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾರೆ.

"ಹೊಲಿಗೆ ಮೊದಲಿನ ಹಂಗೇ ಹಾಕ್ತೀನಿ. ಅಂಚು ಮಾತ್ರ ಹಲ್ಲುಹಲ್ಲಾಗೇ ಇರ್ಲಿ. ಈ ಸಲ ಕತ್ರಿಸಲ್ಲ ಕಣ್ರೀ."