ಬೆಳ್ಳಿನೂಲಿನ ಹೊಳೆ

ಬುದ್ಧನ ಗೂಡಿಗೆ ಒಂದು ಬಟ್ಟಲು ಅನ್ನ, ಒಂದು ಲೋಟ ನೀರು ಇಟ್ಟು ಕೈಮುಗಿದ ಮೇಲೆ ಮಸಾಯೊ ಕಿಟಕಿಯ ಬಳಿ ಕೂತು, ನಡುಬೆರಳು ಉಂಗುರಬೆರಳುಗಳ ಉಗುರಿನ ತುದಿಗೆ ಸಣ್ಣ ಅರದಿಂದ ಗರಗಸದ ಹಾಗೆ ಹಲ್ಲು ಮೂಡಿಸುತ್ತಿದ್ದಳು. ಜ್ವರ ಬಂದ ದಿನವೂ, ಅತ್ತೆ ತೀರಿಕೊಂಡ ದಿನವೂ ಇದನ್ನು ತಪ್ಪಿಸಿದವಳಲ್ಲ. ನೇಕಾರರ ಕೇರಿಯಾದ ನಿಶಿಜಿನ್ನಿನ ಆ ಓಣಿಯಲ್ಲಿ ಉಗುರಿನಿಂದ ನೇಯುವವರು ಈಗ ಇಬ್ಬರೋ ಮೂವರೋ. ಹಾಸಿನ ಎಳೆಗಳ ನಡುವೆ ಬಣ್ಣದ ಹೊಕ್ಕು ತೂರಿಸಿ, ಆ ಹಲ್ಲುಗಳಿಂದ ಕೆರೆಕೆರೆದು ತನ್ನತ್ತ ಎಳೆದು ಕೂರಿಸಬೇಕು. ಬಟ್ಟೆಯ ಮುಖ ಕೆಳಕ್ಕಿರುತ್ತದೆ. ಅದನ್ನು ಕಾಣಬೇಕೆಂದರೆ ಮಗ್ಗದಡಿ ಕನ್ನಡಿ ಹಿಡಿಯಬೇಕು. ಐವತ್ತು ವರ್ಷಗಳಿಂದ ಮಸಾಯೊ ಆ ಕನ್ನಡಿಯಲ್ಲಿ ಕೊಕ್ಕರೆಗಳನ್ನೂ ಮೋಡಗಳನ್ನೂ ನೋಡುತ್ತ ಬಂದಿದ್ದಳು, ಕೊಳದ ತಳದಲ್ಲಿ ಮಲಗಿ ಆಕಾಶ ನೋಡಿದ ಹಾಗೆ.

ಆ ವಸಂತದಲ್ಲಿ ಮಗ್ಗದ ಮೇಲೆ ಊರಿನ ಕಾಮೊ ಹೊಳೆಯ ಚಿತ್ರ ಇತ್ತು. ವಿಶ್ವವಿದ್ಯಾಲಯದ ನಾರುಮಿ ಎಂಬ ಹುಡುಗಿ ತಂದ ಕೆಲಸ. ನೀರಿನ ಗೆರೆಗಳಿಗೆ ಬೆಳ್ಳಿ ಲೇಪಿಸಿದ ರೇಷ್ಮೆನೂಲು, ಆ ನೂಲಿನೊಳಗೆ ಕರೆಂಟು. ಯಾರಾದರೂ ನೀರು ಮುಟ್ಟಿದರೆ ದಂಡೆಯ ಹುಲ್ಲಿನಲ್ಲಿ ಸಾಸಿವೆಯಷ್ಟು ದೀಪಗಳು ಮಿಂಚುಹುಳಗಳಂತೆ ಎಚ್ಚರಗೊಳ್ಳಬೇಕು. ಆಸ್ಪತ್ರೆಯಲ್ಲಿ ಹಾಸಿಗೆ ಬಿಟ್ಟೇಳಲಾಗದ ಮಕ್ಕಳ ಕೋಣೆಗೆಂದು ಮಾಡಿಸುತ್ತಿದ್ದರು.

ನೂಲು ಸುತ್ತಿಕೊಡುವ ಗಂಡ ತೊಕುಜಿಗೆ ಇದೆಲ್ಲ ತಮಾಷೆ. "ಹಿಂಗೇ ಆದ್ರೆ ಮುಂದಿನ ವರ್ಷ ಬೀದಿದೀಪಾನೂ ನೀನೇ ನೇಯ್ತೀಯ," ಎಂದ. ನೀವು ಸುತ್ತಿಕೊಟ್ಟರೆ ಅದನ್ನೂ ನೇಯುತ್ತೇನೆ ಎಂದಳು ಮಸಾಯೊ, ಕನ್ನಡಿಯಿಂದ ಕಣ್ಣು ತೆಗೆಯದೆ.

ಎರಡು ಬೆಳ್ಳಿ ಎಳೆಗಳು ಒಂದಕ್ಕೊಂದು ತಾಗಿದರೆ ಎಲ್ಲ ಕೆಟ್ಟಂತೆ ಎಂದು ನಾರುಮಿ ಹೆದರಿದ್ದಳು. ಆದರೆ ಈ ನೇಯ್ಗೆಯಲ್ಲಿ ಎರಡು ಬಣ್ಣ ಸೇರುವಲ್ಲಿ ಎರಡೂ ನೂಲು ತಂತಮ್ಮ ಗಡಿಯಿಂದಲೇ ಹಿಂತಿರುಗುತ್ತವೆ. ನಡುವೆ ಕೂದಲಗಲದ ಸೀಳು ಉಳಿಯುತ್ತದೆ. ಅದನ್ನು ಬೆಳಕಿಗೆ ಹಿಡಿದು ನಾರುಮಿ ನಕ್ಕುಬಿಟ್ಟಳು. ಅವಳು ವರ್ಷವಿಡೀ ಹುಡುಕಿದ್ದು ಇಲ್ಲಿ ಅಜ್ಜಿಯರ ಕಾಲದಿಂದಲೂ ಇತ್ತು.

ಆದರೂ ಮೊದಲ ಮಾದರಿ ಬೆಳಗಲಿಲ್ಲ. ಎರಡನೆಯದೂ ಹೀಗಾದರೆ ಹೊಳೆಯನ್ನು ಯಂತ್ರಮಗ್ಗಕ್ಕೆ ಕೊಡುವುದೆಂದು ವಿಶ್ವವಿದ್ಯಾಲಯದ ಮೇಲಿನವರು ಹೇಳಿಬಿಟ್ಟರು. ಹೊಳೆಯನ್ನು ಬಿಟ್ಟುಕೊಡಲು ಮಸಾಯೊಗೆ ಮನಸ್ಸಿರಲಿಲ್ಲ. ನಿದ್ದೆಯಲ್ಲೂ ಅವಳ ಬೆರಳಿಗೆ ಆ ನೀರಿನ ತಂಪು ತಾಗುತ್ತಿತ್ತು.

ನಾರುಮಿ ಭೂತಗನ್ನಡಿ ಹಿಡಿದು, ನೂಲೇ ಸರಿಯಿಲ್ಲ, ಮಾಡಿದವರಿಗೆ ಬರೆಯುತ್ತೇನೆ ಎಂದು ಗೊಣಗಿದಳು. ಮಸಾಯೊ ಬಗ್ಗಿ ನೋಡಿದಳು. ಬೆಳ್ಳಿ ಅಲ್ಲಲ್ಲಿ ಕೆತ್ತಿಹೋಗಿತ್ತು, ಸಮ ಅಂತರದಲ್ಲಿ, ನಾಲ್ಕು ನಾಲ್ಕು ಗೀರು. ತನ್ನ ಕೈಬರಹವನ್ನು ಗುರುತಿಸಿದ ಹಾಗೆ ಗುರುತಿಸಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಬರೀಬೇಡಮ್ಮ," ಎಂದಳು. "ನೂಲಿನದೇನೂ ತಪ್ಪಿಲ್ಲ. ಇದು ನನ್ನ ಉಗುರು."

ತೊಕುಜಿ ತಲೆಯೆತ್ತಿದವನು ಈ ಸಲ ತಮಾಷೆ ಮಾಡಲಿಲ್ಲ. ಉಗುರು ಕತ್ತರಿಸಿದರೆ ರೇಷ್ಮೆ ಕೂರದು. ಕತ್ತರಿಸದಿದ್ದರೆ ಬೆಳ್ಳಿ ಉಳಿಯದು. ಎರಡು ದಿನ ಮಸಾಯೊ ಮಗ್ಗದ ಮುಂದೆ ಸುಮ್ಮನೆ ಕೂತಳು. ಮೂರನೆಯ ದಿನ ಬೆಳ್ಳಿಯ ಸರದಿ ಬಂದಾಗ ಬೆರಳನ್ನು ಹಿಂದಕ್ಕೆ ಬಾಗಿಸಿ, ಉಗುರನ್ನು ಎತ್ತಿ ಹಿಡಿದು, ಬೆರಳತುದಿಯ ಮೆತ್ತನೆಯ ಮಾಂಸದಿಂದ ನೂಲನ್ನು ಒತ್ತಿದಳು, ಮಗುವಿನ ಕಣ್ಣು ಮುಚ್ಚಿಸುವ ಹಾಗೆ. ರೇಷ್ಮೆಗೆ ಉಗುರು, ಬೆಳ್ಳಿಗೆ ಬೆರಳು. ದಿನಕ್ಕೆ ಒಂದಂಗುಲವೂ ಸಾಗಲಿಲ್ಲ. ಬೆರಳತುದಿ ಕೆಂಪಾಗಿ ಊದಿತು.

ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ ನಾರುಮಿ ಎರಡನೆಯ ಮಾದರಿಗೆ ತಂತಿ ಜೋಡಿಸಿ, ನೀವೇ ಮುಟ್ಟಿ ಎಂದಳು. ಮಸಾಯೊ ನೀರಿನ ಮೇಲೆ ಕೈಯಿಟ್ಟಳು. ಹುಲ್ಲಿನ ಬುಡದಲ್ಲಿ ಒಂದು ದೀಪ, ಆಮೇಲೆ ಅದರ ಪಕ್ಕದ್ದು, ಆಮೇಲೆ ದಂಡೆಯುದ್ದಕ್ಕೂ. ಹೊಳೆ ಉಸಿರಾಡುತ್ತಿರುವಂತಿತ್ತು.

ಆ ಬೆರಳುಗಳನ್ನು ನೋಡಿ ನಾರುಮಿಗೆ ಕಣ್ತುಂಬಿತು. "ನಮ್ಮವರಿಗೆ ಹೇಳಿ ಬೆಳ್ಳಿ ದಪ್ಪಗೆ ಹಾಕಿಸ್ಕೊಡ್ತೀನಿ ಮಸಾಯೊ ಸಾನ್. ಆಗ ಉಗುರಲ್ಲೇ ನೇಯ್ಬಹುದು. ನಿಮಗೆ ಇಷ್ಟು ನೋವ್ಯಾಕೆ?"

ಮಸಾಯೊ ಇನ್ನೂ ಕೈ ತೆಗೆದಿರಲಿಲ್ಲ.

"ಬೇಡಮ್ಮ. ದಪ್ಪ ಹಾಕಿದ್ರೆ ನೀರು ಕೈಗೆ ಒರಟಾಗತ್ತೆ. ಮಕ್ಕಳು ಮುಟ್ಟೋದಲ್ವಾ? ಇದೇ ನೂಲು ಇನ್ನೆರಡು ಉಂಡೆ ಕಳಿಸು, ಸಾಕು."