ಮಂಕಾಗಿ ಕೇಳಿಸಿದ ಸಿಂಬಲ್

ಕೊರೊನಾ ಕಳೆದು ಮದುವೆ ಆರ್ಕೆಸ್ಟ್ರಾಗಳು ಮತ್ತೆ ಶುರುವಾದ ವರ್ಷ. ಆಗ ನಾನು ಶಿರಾದಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿಗೆ ಎಷ್ಟು ಕೇಳಿಸುತ್ತದೆಂದು ಅಳೆಯುವವಳು. ಒಂದು ಬೆಳಿಗ್ಗೆ ಹುಲಿಕುಂಟೆ ಕಡೆಯ ರಂಗನಾಥ್ ಎಂಬ ನಲವತ್ತೆರಡು ವರ್ಷದ ಡ್ರಮ್ಮರ್ ಬಂದರು. ಜೊತೆಗೆ ಅದೇ ತಂಡದಲ್ಲಿ ಹಾಡುವ ಹೆಂಡತಿ ಸಾವಿತ್ರಿ.

"ನಂಗೇನೂ ಆಗಿಲ್ಲ ಮೇಡಂ, ಸಾಮಾನೇ ಸರಿಯಿಲ್ಲ" ಎಂದರು ರಂಗನಾಥ್. ಡ್ರಮ್ಮಿನ ಜೊತೆ ಕೋಲಿನಿಂದ ಹೊಡೆಯುವ ಕಂಚಿನ ತಟ್ಟೆಯಾದ ಸಿಂಬಲ್ಲನ್ನು ಆರು ತಿಂಗಳಲ್ಲಿ ಎರಡು ಸಲ ಬದಲಿಸಿದ್ದರು, ಎರಡೂ ಮಂಕಂತೆ. ಅಡಿಯಲ್ಲಿ ತಂತಿ ಬಿಗಿದಿರುವ ಸ್ನೇರ್ ಡ್ರಮ್ಮನ್ನೂ ಬದಲಿಸಿದ್ದರು.

"ನೀವು ಸುಮ್ಕಿರಿ" ಎಂದು ಸಾವಿತ್ರಿ ತಡೆದರು. "ಆ ಹೊಸ ಸಿಂಬಲ್ ಹೊಡೆದ್ರೆ ನಾವೆಲ್ಲ ಕಿವಿ ಮುಚ್ಕಂತೀವಿ ಮೇಡಂ. ಏಳು ಪೆಟ್ಟಿನ ಹಾಡು ಒಂದೈತೆ, ಅದ್ರಲ್ಲಿ ದಿನಾ ತಪ್ತಾರೆ. ಮಧುಗಿರಿ ಪ್ರೋಗ್ರಾಮ್‌ಗೆ ಬೇರೆಯವ್ರನ್ನ ಕರೀತೀವಿ ಅಂತ ತಂಡದೋರು ಅಂದ್ಬುಟ್ಟವ್ರೆ."

ರಂಗನಾಥ್ ತಲೆ ತಗ್ಗಿಸಿದರು. ಮೂರು, ನಾಲ್ಕಾಗಿ ಒಡೆಯುವ ಆ ಏಳರ ಲೆಕ್ಕವನ್ನು ಹಿಡಿದಿಡುವುದು ಸ್ನೇರ್ ಮೇಲೆ ಮೆಲ್ಲಗೆ ತಾಗಿಸುವ ಸಣ್ಣ ಪೆಟ್ಟುಗಳು. ತಮ್ಮದೇ ಆ ಪೆಟ್ಟುಗಳು ಅವರಿಗೆ ಕೇಳುತ್ತಿರಲಿಲ್ಲ.

ನನಗೆ ಅಳುಕು. ಇಪ್ಪತ್ತು ವರ್ಷ ಸಿಂಬಲ್ ಪಕ್ಕ ಕೂತವರ ಕಿವಿಯ ನರ ಸವೆದಿದ್ದರೆ ಅದಕ್ಕೆ ಮದ್ದಿಲ್ಲ. ಬೆಳಕು ಬಿಟ್ಟು ನೋಡಿದೆ. ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಸದ್ದಿಗೆ ಅಂಜಿ ದಿನವೂ ಹತ್ತಿ ತುರುಕಿ ಅವರೇ ಅದನ್ನು ಒಳಕ್ಕೆ ತಳ್ಳಿದ್ದರು. ಆದರೆ ಅದರ ಹಿಂದೆ ನರ ಹೇಗಿದೆ?

ಹೆಡ್‌ಫೋನ್ ಹಾಕಿ ಅಳೆದಾಗ ನಲವತ್ತೈದು ಡೆಸಿಬಲ್‌ಗಿಂತ ಮೆಲ್ಲಗಿನ ಸದ್ದು ಕೇಳಿಸಲಿಲ್ಲ. ಚೆನ್ನಾಗಿರುವ ಕಿವಿಗೆ ಇಪ್ಪತ್ತೂ ಕೇಳಿಸುತ್ತದೆ. ಮುಂದಿನದು ಬೋನ್ ಕಂಡಕ್ಷನ್: ಕಿವಿಯ ಹಿಂದಿನ ಮೂಳೆಗೆ ಕಂಪನ ಕೊಟ್ಟು, ನಡುವಿನ ಅಡ್ಡಿಯನ್ನು ದಾಟಿ ನರವನ್ನೇ ಪರೀಕ್ಷಿಸುವುದು. ರಂಗನಾಥ್ ಹದಿನೈದಕ್ಕೇ ಕೇಳಿಸಿತೆಂದು ಗುಂಡಿ ಒತ್ತಿದರು. ನಂಬದೆ ಮತ್ತೊಮ್ಮೆ ಮಾಡಿದೆ. ಅದೇ ಹದಿನೈದು. ತೀರಾ ಕೀಚಲು ಸದ್ದಿನಲ್ಲಿ ಮಾತ್ರ ತುಸು ಇಳಿತವಿತ್ತು.

"ನರ ಚೆನ್ನಾಗಿದೆ" ಎಂದೆ. ಸಾವಿತ್ರಿ ಸೆರಗಿನಿಂದ ಮುಖ ಒರೆಸಿಕೊಂಡರು. ರಂಗನಾಥ್ "ಏನಂದ್ರು?" ಎಂದು ಅವರನ್ನೇ ಕೇಳಿದರು.

ಐದು ದಿನ ಹನಿಮದ್ದು ಹಾಕಿ ಮೆತ್ತಗಾದ ಮೇಲೆ ಇಎನ್‌ಟಿ ಡಾಕ್ಟರು ಗುಗ್ಗೆ ತೆಗೆದರು. ಆ ಮಧ್ಯಾಹ್ನವೇ ದಂಪತಿ ನನ್ನನ್ನು ಅಭ್ಯಾಸದ ಕೊಠಡಿಗೆ ಕರೆದೊಯ್ದರು. ರಂಗನಾಥ್ ಹೊಸ ಸಿಂಬಲ್‌ಗೆ ಎಂದಿನಂತೆ ಒಂದು ಬಿಟ್ಟರು. ಬಿಟ್ಟವರೇ ಬೆಚ್ಚಿಬಿದ್ದರು.

"ಅಯ್ಯಪ್ಪಾ! ಇದೇನಿದು ಇಂಗೆ ಚೀರ್ತದೆ! ಇದನ್ನ ನಾನೇ ಆರಿಸಿದ್ನಾ?"

"ನೀವೇ ಕಣ್ರೀ" ಎಂದು ಸಾವಿತ್ರಿ ನಕ್ಕರು.

ಹಳೆಯ ತೆಳು ಸಿಂಬಲ್ ತಂದು ಸಿಕ್ಕಿಸಿ, ಅದರ ದನಿ ಪೂರ್ತಿ ಆರುವವರೆಗೂ ರಂಗನಾಥ್ ಕಿವಿಗೊಟ್ಟು ನಿಂತರು. ಅತಿಯಾಗಿ ಬಿಗಿದಿದ್ದ ಸ್ನೇರ್ ತಂತಿಯನ್ನು ಸಡಿಲಿಸಿದರು. ಸಾವಿತ್ರಿ ಹಾಡು ಎತ್ತಿಕೊಂಡರು. ರಂಗನಾಥ್ ಕೈಗೂ ಅಭ್ಯಾಸ ತಪ್ಪಿತ್ತು, ಎರಡು ಸಲ ಎಡವಿದರು. ಮೂರನೆಯ ಸಲ ಏಳರ ಏಳೂ ಪೆಟ್ಟು ಕೊನೆಯವರೆಗೆ ಸರಿಯಾಗಿ ಬಂದವು. ಮಧುಗಿರಿಯಲ್ಲಿ ಅವರೇ ನುಡಿಸಿದರು. ಕಿವಿಯಲ್ಲಿ ಹತ್ತಿಯ ಬದಲು ನಾನು ಕೊಟ್ಟ ಇಯರ್‌ಪ್ಲಗ್ ಇತ್ತು.

ಕೇಳಿಸುತ್ತದೆಯೇ ಎಂದರೆ ಎಲ್ಲರೂ ಕೇಳಿಸುತ್ತದೆ ಎನ್ನುತ್ತಾರೆ. ಅಂದಿನಿಂದ ನನ್ನ ಮೊದಲ ಪ್ರಶ್ನೆ ಬೇರೆ: "ಇತ್ತೀಚೆಗೆ ಯಾವುದನ್ನು ಜೋರು ಮಾಡಿಕೊಂಡಿದ್ದೀರಿ?" ಬಹಳ ಸಲ ಉತ್ತರ ಬರುವುದು ಪಕ್ಕದಲ್ಲಿ ಕೂತವರಿಂದ.